ಒಂದೇ ದಿನ ಹುಟ್ಟಿದವರು

ನನ್ನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ದಿನ ಜೂನ್ 1. ನನ್ನ ಜೊತೆ ಒಂದನೇ ತರಗತಿಗೆ ಸೇರಿದ ಮುಕ್ಕಾಲು ಪಾಲು ಹುಡುಗ ಹುಡುಗಿಯರದ್ದೂ ಅದೇ ದಿನ. ಊರು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಕಡೆಯದು. ಶಾಲೆ ಎರಡು ಕೋಣೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ನಮಗೆಲ್ಲ ಆ ದಿನವನ್ನು ಕೊಟ್ಟವರು ನಮ್ಮ ಹೆಡ್‌ಮೇಷ್ಟ್ರು. ಕರ್ನಾಟಕದ ಹಳ್ಳಿಗಳಲ್ಲಿ ಓದಿ ಐವತ್ತು ದಾಟಿದವರನ್ನು ವಿಚಾರಿಸಿ ನೋಡಿ, ಜೂನ್ 1ರವರು ಎಲ್ಲೆಲ್ಲೂ ಸಿಗುತ್ತಾರೆ. ಆ ದಿನ ಹುಟ್ಟಿದ ಸರ್ಕಾರಿ ನೌಕರರು ಮೇ 31ಕ್ಕೆ ನಿವೃತ್ತರಾಗುತ್ತಾರೆ. ಅದಕ್ಕೇ ಪ್ರತಿ ವರ್ಷ ಆ ಸಂಜೆ ಎಷ್ಟೋ ಕಚೇರಿಗಳಲ್ಲಿ ಒಟ್ಟೊಟ್ಟಿಗೆ ಹಾರ, ಶಾಲು, ಬೀಳ್ಕೊಡುಗೆ.

ಜನನ ಮರಣ ನೋಂದಣಿ ಕಾಯ್ದೆ 1969ರಲ್ಲೇ ಬಂದಿತ್ತು. ಆದರೆ ನಮ್ಮ ಕಡೆ ಹೆರಿಗೆಯೆಲ್ಲ ಮನೆಯಲ್ಲೇ. ಹುಟ್ಟಿದ್ದನ್ನು ಬರೆಸಲು ಮಳೆಗಾಲದಲ್ಲಿ ಹಳ್ಳ ದಾಟಿ ಹೋಗುವವರು ಯಾರು? ಜಾತಕ ಬರೆಸುವ ಮನೆಗಳಲ್ಲಿ ತಿಥಿ, ನಕ್ಷತ್ರ ಗೊತ್ತಿರುತ್ತಿತ್ತು. ಉಳಿದವರಿಗೆ ಮಳೆಯೇ ಪಂಚಾಂಗ. ನಾನು ಹುಟ್ಟಿದ್ದು ಆಶ್ಲೇಷ ಮಳೆಯಲ್ಲಿ ಎಂದು ಅಮ್ಮ ಹೇಳುತ್ತಿದ್ದಳು. ಹಳ್ಳ ಏರಿ ಸೂಲಗಿತ್ತಿ ಆಚೆ ದಡದಲ್ಲೇ ಉಳಿದು, ಅಜ್ಜಿಯೇ ಹೆರಿಗೆ ಮಾಡಿಸಿದಳಂತೆ. ಅದು ಆಗಸ್ಟ್ ತಿಂಗಳ ಮಾತು. ಶಾಲೆಯ ಪುಸ್ತಕಕ್ಕೆ ಆಶ್ಲೇಷ ಮಳೆ ಸಾಲದು, ತಾರೀಖು ಬೇಕು. ಮೇಷ್ಟ್ರು ನನ್ನನ್ನು ಮುಂದೆ ನಿಲ್ಲಿಸಿಕೊಂಡು, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಎಂದರು. ಬೆರಳು ಕಿವಿಗೆ ತಾಗಿತು. ವಯಸ್ಸಾಗಿದೆ ಎಂದು ಬರೆದುಕೊಂಡರು. ಶಾಲೆ ಶುರುವಾಗುವುದು ಜೂನಿನಲ್ಲಿ. ಅಷ್ಟರೊಳಗೆ ವಯಸ್ಸು ತುಂಬಿದ ಹಾಗೆ ಲೆಕ್ಕ ಹಿಡಿದು ಜೂನ್ 1 ಹಾಕಿದರು. ಅಲ್ಲಿಂದ ಆ ತಾರೀಖು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಯಿತು, ಅಂಕಪಟ್ಟಿಯಿಂದ ಪಾಸ್‌ಪೋರ್ಟಿಗೆ, ಪಾಸ್‌ಪೋರ್ಟಿನಿಂದ ನಾನೀಗ ಇರುವ ಮೆಲ್ಬರ್ನಿಗೆ.

ಈ ಊರಲ್ಲಿ ಚಳಿಗಾಲ ಲೆಕ್ಕಕ್ಕೆ ಶುರುವಾಗುವುದೂ ಜೂನ್ 1ಕ್ಕೇ. ಬೆಳಿಗ್ಗೆ ಏಳಾದರೂ ಕತ್ತಲು. ಆಫೀಸಿನವರು ಶುಭಾಶಯ ಹೇಳುತ್ತಾರೆ, ಕೇಕು ತರುತ್ತಾರೆ. ನಾನು ಸಂತೋಷದಿಂದಲೇ ತೆಗೆದುಕೊಳ್ಳುತ್ತೇನೆ. ಮಧ್ಯಾಹ್ನ ಹನ್ನೆರಡಕ್ಕೆ ಊರಿಗೆ ಫೋನು. ಅಲ್ಲಿ ಆಗ ಏಳೂವರೆ, ಕೆಲಸಕ್ಕೆ ಹೊರಡುವ ಮುಂಚೆ ಸಿಗುತ್ತಾರೆ. ಒಬ್ಬೊಬ್ಬರಿಗೂ ಹುಟ್ಟುಹಬ್ಬದ ಶುಭಾಶಯ ಹೇಳುತ್ತೇನೆ, ಅವರೂ ನನಗೆ ಹೇಳುತ್ತಾರೆ. ಬೇರೆ ಬೇರೆ ಮನೆಗಳಲ್ಲಿ, ಬೇರೆ ಬೇರೆ ಮಳೆಗಳಲ್ಲಿ ಹುಟ್ಟಿದ ನಮ್ಮನ್ನು ಮೇಷ್ಟ್ರು ಒಂದೇ ದಿನ ಹುಟ್ಟಿಸಿದರು. ನನ್ನ ಮಟ್ಟಿಗೆ ಅದು ಬರೀ ಕಾಗದದ ಲೆಕ್ಕವಾಗಿ ಉಳಿದಿಲ್ಲ. ಒಡಹುಟ್ಟಿದವರು ಎಂದಾಗ ನನಗೆ ಇವರೂ ನೆನಪಾಗುತ್ತಾರೆ.

ನಾವು ಹತ್ತಿರವಾದದ್ದು ಶಾಲೆಯ ದಾರಿಯಲ್ಲಿ. ಮನೆಯಿಂದ ಗದ್ದೆ ಬದು, ಆಮೇಲೆ ಹಳ್ಳ, ಆಮೇಲೆ ಗುಡ್ಡದ ಕಾಲುದಾರಿ. ಮಳೆಗಾಲದಲ್ಲಿ ನನ್ನ ಕೈಯಲ್ಲಿ ಕೊಡೆ, ಉಳಿದವರ ತಲೆ ಮೇಲೆ ಯೂರಿಯಾ ಚೀಲದ ಕೊಪ್ಪೆ. ಖಾಲಿ ಚೀಲದ ತಳದ ಒಂದು ಮೂಲೆಯನ್ನು ಒಳಮುಖವಾಗಿ ದಬ್ಬಿ ಇನ್ನೊಂದು ಮೂಲೆಯೊಳಗೆ ಕೂರಿಸಿದರೆ ತಲೆಗೆ ಸರಿಯಾಗಿ ಕೂರುತ್ತದೆ, ಉಳಿದದ್ದು ಬೆನ್ನ ಮೇಲೆ ಮೊಣಕಾಲಿನ ತನಕ ಇಳಿಯುತ್ತದೆ. ಪಾಟೀಚೀಲ ಅದರ ಅಡಿಯಲ್ಲಿ ಬೆಚ್ಚಗೆ. ಗಾಳಿಗೆ ನನ್ನ ಕೊಡೆ ಮಗುಚಿಕೊಂಡಾಗ ಯಾರಾದರೊಬ್ಬರು ತಮ್ಮ ಕೊಪ್ಪೆಯ ಅಂಚನ್ನು ಎತ್ತಿ ನನ್ನನ್ನೂ ಸೇರಿಸಿಕೊಳ್ಳುತ್ತಿದ್ದರು. ಗುಡ್ಡದ ಮೇಲಿನ ಮನೆಯ ಹುಡುಗಿ ಒಂದು ಚಿಂದಿ ಬಟ್ಟೆಯಲ್ಲಿ ಸುಣ್ಣ, ಹೊಗೆಸೊಪ್ಪು ಕಟ್ಟಿಕೊಂಡು ಬರುತ್ತಿದ್ದಳು. ಯಾರ ಕಾಲಿಗೆ ಉಂಬಳ ಹತ್ತಿದರೂ ಅವಳೇ ಕೂತು ಬಿಡಿಸಬೇಕು. ಸೊಂಟದ ಮೇಲೆ ತಮ್ಮ, ಕೈಯಲ್ಲಿ ಆ ಗಂಟು. ಮಗ್ಗಿ ಹೇಳುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ.

ಹಳ್ಳಕ್ಕೆ ಎರಡು ಅಡಿಕೆ ಮರ ಜೋಡಿಸಿ ಹಾಕಿದ ಸಂಕ, ಹಿಡಿಯಲು ಒಂದು ಬಿದಿರ ಗಳ. ಪುನರ್ವಸು ಮಳೆ ಹಿಡಿಯಿತೆಂದರೆ ನೀರು ಸಂಕದ ಅಡಿ ಮುಟ್ಟಿಕೊಂಡೇ ಹರಿಯುತ್ತದೆ. ಮರದ ಮೇಲೆ ಪಾಚಿ. ನಮ್ಮಲ್ಲಿ ಒಬ್ಬ ಮೂರನೇ ತರಗತಿಯಲ್ಲಿ ಮತ್ತೆ ಕೂತವನು, ವಯಸ್ಸಿನಲ್ಲೂ ದೊಡ್ಡವನು. ಅವನು ಸಂಕದ ನಡುವೆ ಹೋಗಿ ನಿಲ್ಲುತ್ತಿದ್ದ. ಮೊದಲು ಚೀಲಗಳು ದಾಟುತ್ತಿದ್ದವು, ಆಮೇಲೆ ಸಣ್ಣವರು, ಕೊನೆಗೆ ನಾವು. "ನೀರು ನೋಡ್ಬೇಡ ಮಾರಾಯ, ನನ್ ಮುಖ ನೋಡು" ಎನ್ನುತ್ತಿದ್ದ. ಅವನಿಗೆ ಆಗ ಹತ್ತು ವರ್ಷವಿದ್ದೀತು. ನಮ್ಮ ಅಪ್ಪ ಅಮ್ಮಂದಿರು ನಮ್ಮ ಜೀವವನ್ನು ಅವನ ಕೈಗೆ ಒಪ್ಪಿಸಿ ನಿಶ್ಚಿಂತೆಯಿಂದ ತೋಟಕ್ಕೆ ಹೋಗುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ನಮ್ಮ ತಾಲ್ಲೂಕಿನಲ್ಲೇ ಶಾಲೆಗೆ ಹೋಗುವ ಹುಡುಗಿಯೊಬ್ಬಳು ಹೀಗೇ ಹಳ್ಳದ ಪಾಲಾದಳು. 'ಶಾಲಾ ಸಂಪರ್ಕ ಸೇತು' ಎಂಬ ಯೋಜನೆ ಬಂದು ಮಲೆನಾಡಿನ ಎಷ್ಟೋ ಸಂಕಗಳ ಜಾಗದಲ್ಲಿ ಕಾಂಕ್ರೀಟಿನ ಕಿರುಸೇತುವೆಗಳಾದದ್ದು ಅದಾದ ಮೇಲೆ. ನಮ್ಮ ಹಳ್ಳಕ್ಕೂ ಈಗ ಸೇತುವೆಯಿದೆ. ಅದನ್ನು ದಾಟುವಾಗಲೆಲ್ಲ ನನಗೆ ಆ ಹತ್ತು ವರ್ಷದ ಹುಡುಗನ ಮುಖ ಕಾಣುತ್ತದೆ.

ಅವನೀಗ ಕೊನೆಗಾರ. ನಮ್ಮ ಸುತ್ತಿನ ತೋಟಗಳಲ್ಲಿ ಅಡಿಕೆ ಕೊನೆ ತೆಗೆಯುವವನು, ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಹೊಡೆಯುವವನು. ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಜೀಕಿಕೊಂಡೇ ದಾಟಿ ಹತ್ತಾರು ಮರ ಮುಗಿಸಿ ನೆಲಕ್ಕಿಳಿಯುತ್ತಿದ್ದ. ಈಗ ಉದ್ದದ ಫೈಬರ್ ದೋಟಿ ಬಂದಿದೆ, ಮಂಡಿ ನೋವಿನವನಿಗೆ ಅದರಿಂದ ಅನುಕೂಲವಾಗಿದೆ. ಬುಗುರಿ, ಪೇಟ್ಲ ಮಾಡಿಕೊಡುತ್ತಿದ್ದ ಆಚಾರ್ರ ಮನೆಯ ಹುಡುಗ ಪೇಟೆಯಲ್ಲಿ ಬಾಗಿಲು, ಕಿಟಕಿ ಮಾಡುತ್ತಾನೆ. ಅವನು ಕೆತ್ತಿದ ಬುಗುರಿಯ ಮೊಳೆ ಎಂದೂ ಓಲುತ್ತಿರಲಿಲ್ಲ, ಅವನು ಕೂರಿಸಿದ ಬಾಗಿಲೂ ಓಲುವುದಿಲ್ಲ. ಇನ್ನೊಬ್ಬ ಕೊಪ್ಪದ ಸಹಕಾರ ಸಾರಿಗೆಯಲ್ಲಿ ಕಂಡಕ್ಟರ್ ಆಗಿದ್ದ. ಕಾರ್ಮಿಕರೇ ಮಾಲೀಕರಾಗಿ 1991ರಲ್ಲಿ ಕಟ್ಟಿದ ಆ ಸಂಸ್ಥೆಯ ಬಸ್ಸುಗಳು 2020ರಲ್ಲಿ ನಿಂತವು. ಬಸ್ಸಿನ ಹೆಸರು ತೆಗೆದರೆ ಈಗಲೂ ಅವನ ದನಿ ಏರುತ್ತದೆ. ಮನೆ ಮನೆಗೆ ಔಷಧಿ, ಪತ್ರಿಕೆ, ಕಳೆದುಹೋದ ಕೊಡೆ ಎಲ್ಲ ಅವನ ಕೈಯಿಂದಲೇ ತಲುಪುತ್ತಿತ್ತು.

ಗುಡ್ಡದ ಮೇಲಿನ ಮನೆಯ ಹುಡುಗಿಯ ಓದು ನಾಲ್ಕನೇ ತರಗತಿಗೆ ನಿಂತಿತು. ಹಿರಿಯ ಪ್ರಾಥಮಿಕ ಶಾಲೆ ದೂರ, ಮನೆಯಲ್ಲಿ ಸಣ್ಣ ಮಕ್ಕಳು. ಆ ದಿನಗಳಲ್ಲಿ ಎಷ್ಟೋ ಹುಡುಗಿಯರ ಓದು ಹೀಗೇ ಮುಗಿಯಿತು. ಅವಳಷ್ಟು ಲೆಕ್ಕ ಬರುತ್ತಿದ್ದವರನ್ನು ನಾನು ಇಂಜಿನಿಯರಿಂಗ್ ಕಾಲೇಜಿನಲ್ಲೂ ಹೆಚ್ಚು ಕಾಣಲಿಲ್ಲ. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಶುರುವಾಯಿತಲ್ಲ, ಅದು ನಮ್ಮ ಕಡೆಗೆ ಬಂದಾಗ ಅವಳು ಅದೇ ಶಾಲೆಗೆ ಬಿಸಿಯೂಟದ ಅಡುಗೆಯವಳಾಗಿ ವಾಪಸಾದಳು. ಮಕ್ಕಳು ಉಂಡು ಕೈ ತೊಳೆಯುವಾಗ ಅವರಿಂದ ಮಗ್ಗಿ ಹೇಳಿಸುತ್ತಾಳೆ. ಅದು ಅವಳ ಕೆಲಸದ ಪಟ್ಟಿಯಲ್ಲಿ ಇಲ್ಲ, ಯಾರೂ ಹೇಳಿಯೂ ಇಲ್ಲ.

ಕಳೆದ ಸಲ ಊರಿಗೆ ಹೋದಾಗ ಅವಳೇ ನನ್ನನ್ನು ಶಾಲೆಯೊಳಗೆ ಕರೆದುಕೊಂಡು ಹೋದಳು. ಈಗಿನ ಟೀಚರು ಬೀರುವಿನಿಂದ ಹಳೆಯ ದಾಖಲಾತಿ ಪುಸ್ತಕ ತೆಗೆದುಕೊಟ್ಟರು. 1980ರ ಪುಟ. ಮೇಷ್ಟ್ರ ದುಂಡು ಅಕ್ಷರ, ಮಾಸಿದ ನೀಲಿ ಶಾಯಿ. ಹುಟ್ಟಿದ ತಾರೀಖಿನ ಕಾಲಂನಲ್ಲಿ ಮೇಲೆ ಒಂದು ಕಡೆ ಮಾತ್ರ 1-6-1974 ಎಂದಿದೆ. ಅದರ ಕೆಳಗೆ ಉದ್ದಕ್ಕೂ ಡಿಟ್ಟೊ ಗುರುತು, ಜೋಡಿ ಗೆರೆ, ಜೋಡಿ ಗೆರೆ. ಜಾತಿಯ ಕಾಲಂನಲ್ಲಿ ಹಾಗಿಲ್ಲ. ಅಲ್ಲಿ ಸಾಲು ಸಾಲಿಗೂ ಬೇರೆ ಬರೆದಿದೆ.

ಆ ಎರಡು ಕಾಲಂಗಳನ್ನು ನಾನು ಬಹಳ ಹೊತ್ತು ನೋಡಿದೆ. ಶಾಲೆಯಲ್ಲಿ ನಾವು ಒಂದೇ ಚಾಪೆಯವರು. ಶನಿವಾರ ಸಗಣಿ ತಂದು ನೆಲ ಸಾರಿಸುವಾಗ ಯಾರ ಮನೆಯವರು ಎಂದು ಕೇಳುವವರಿರಲಿಲ್ಲ, ಎಲ್ಲರ ಕೈಯೂ ಸಗಣಿಯಲ್ಲೇ. ಊರಿನೊಳಗೆ ಬಂದರೆ ಲೆಕ್ಕ ಬದಲಾಗುತ್ತಿತ್ತು. ಸಂಕದ ನಡುವೆ ನಿಂತು ನನ್ನ ಕೈ ಹಿಡಿದು ದಾಟಿಸಿದವನು ನಮ್ಮ ಮನೆಗೆ ಬಂದರೆ ಅಂಗಳದಲ್ಲೇ ನಿಲ್ಲಬೇಕು, ಜಗಲಿ ಹತ್ತುವ ಹಾಗಿರಲಿಲ್ಲ. ಕಾಫಿ ಬೇರೆ ಲೋಟದಲ್ಲಿ. ಅವನು ನನ್ನ ಅಪ್ಪನಿಗೆ ಅಯ್ಯಾ ಎನ್ನುತ್ತಿದ್ದ. ದೊಡ್ಡವನಾದ ಮೇಲೂ ನನಗೆ ಮಾತ್ರ ಅಯ್ಯಾ ಎನ್ನಲಿಲ್ಲ. ಊರ ಮುಂದೆ, ಹತ್ತು ಜನರ ಎದುರು, ಈಗಲೂ "ಎಂತ ಮಾರಾಯ, ಯಾವಾಗ ಬಂದ್ಯ?" ಎಂದೇ ಕೇಳುತ್ತಾನೆ. ನನ್ನ ಬದುಕಿನಲ್ಲಿ ಸಿಕ್ಕ ದೊಡ್ಡ ಮರ್ಯಾದೆ ಅದು. ಅದನ್ನು ಕೊಟ್ಟದ್ದು ಆ ಎರಡು ಕೋಣೆಯ ಶಾಲೆ. ಸರ್ಕಾರಿ ಶಾಲೆ ಏನು ಮಾಡಿತು ಎಂದು ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ಈಗ ಊರಿನ ಮಕ್ಕಳು ಟೈ ಕಟ್ಟಿಕೊಂಡು ವ್ಯಾನಿನಲ್ಲಿ ಪೇಟೆಯ ಶಾಲೆಗೆ ಹೋಗುತ್ತಾರೆ. ನಮ್ಮ ಶಾಲೆಯಲ್ಲಿ ಉಳಿದಿರುವುದು ಬೆರಳೆಣಿಕೆಯ ಮಕ್ಕಳು.

ಆ ಪುಟದವರಲ್ಲಿ ಇಬ್ಬರು ಇಲ್ಲ. ಒಬ್ಬಳು ಎರಡನೆಯ ಹೆರಿಗೆಯಲ್ಲಿ ಹೋದಳು, ಒಬ್ಬ ಬೆಂಗಳೂರಿನಲ್ಲಿ ಎದೆನೋವೆಂದು ಮಲಗಿದವನು ಏಳಲಿಲ್ಲ. ಉಳಿದವರ ತಲೆ ನೆರೆತಿದೆ. ನೆನಪಿನಲ್ಲಿ ಇವರನ್ನು ಚಡ್ಡಿ ಹಾಕಿದ ಹುಡುಗರಾಗಿಯೇ ಇಟ್ಟುಕೊಂಡು ಮುದ್ದು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಅವರಿಗೆ ಮಂಡಿ ನೋವಿದೆ, ಮಗಳ ಮದುವೆಯಿದೆ, ಎಲೆಚುಕ್ಕಿ ರೋಗ ಬಂದ ತೋಟವಿದೆ, ಸಂಘದ ಸಾಲವಿದೆ. ಮಾತು ಶುರುವಾಗಬೇಕಾದದ್ದು ಅಲ್ಲಿಂದ. ಸಂಕ, ಉಂಬಳ, ಪೇಟ್ಲ ಆಮೇಲೆ ತಾವಾಗಿಯೇ ಬರುತ್ತವೆ.

ಪರದೇಶದಿಂದ ಊರಿಗೆ ಹೋಗುವವರಲ್ಲಿ ನನ್ನದೊಂದು ಮನವಿ. ಮೂರು ವಾರದ ರಜೆಯನ್ನು ಮದುವೆ ಮನೆ, ದೇವಸ್ಥಾನ, ಸೈಟು, ಬ್ಯಾಂಕು ಎಂದು ಮುಗಿಸಿಬಿಡಬೇಡಿ. ಒಂದು ದಿನವನ್ನು ಶಾಲೆಯ ಗೆಳೆಯರಿಗೆ ಎತ್ತಿಡಿ. ಅವರನ್ನು ನಿಮ್ಮ ಮನೆಗೆ ಕರೆಸಿಕೊಳ್ಳುವ ಬದಲು ನೀವೇ ಅವರ ಮನೆಗೆ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಮುಂಚೆ ಫೋನು ಮಾಡಿ ಹೇಳಬೇಡಿ. ಹೇಳಿದರೆ ಅವರು ಆ ದಿನದ ಕೂಲಿ ಬಿಟ್ಟು, ಕೋಳಿ ಕೊಯ್ದು ಕಾಯುತ್ತಾರೆ. ಊಟದ ಹೊತ್ತಿಗೆ ಹೋಗಿ, ಒಲೆಯ ಹತ್ತಿರ ಕೂತು, ಇದ್ದದ್ದನ್ನು ಉಂಡು ಬನ್ನಿ.