ಅವ್ವನ ಅಡ್ಡಹೆಸರು

ನಮ್ಮ ಕಡೆ ಹೆಸರು ಕೇಳೋದಂದ್ರೆ ಜಾತಿ ಕೇಳೋದು. ಜೇವರ್ಗಿ ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಕೂತವರು ಮೊದಲು ಊರು ಕೇಳುತ್ತಾರೆ, ಆಮೇಲೆ ಹೆಸರು, ಆಮೇಲೆ ‘ಅಡ್ಡಹೆಸರೇನ್ರಿ?’. ಮೂರನೇ ಉತ್ತರ ಸಿಕ್ಕ ಮೇಲೆ ಸರಿದು ಕೂಡುವವರೂ ಇದ್ದಾರೆ. ಅಪ್ಪ ಜೇವರ್ಗಿ ತಾಲೂಕಿನವನು, ಅವ್ವ ಆಳಂದ ತಾಲೂಕಿನವಳು, ನಾನು ಕಲಿತದ್ದು ಅಫಜಲಪುರದ ಹಾಸ್ಟೆಲಿನಲ್ಲಿ. ಮೂರೂ ತಾಲೂಕಿನಲ್ಲಿ ಪ್ರಶ್ನೆ ಒಂದೇ.

ಮುಂದೆ ಓದಲು ಹೋದದ್ದು ಸ್ಪೇನ್ ದೇಶದ ಗ್ರನಾಡಾಕ್ಕೆ. 1531ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅಲ್ಲಿದೆ. ಆ ಊರಿಗೆ ಇರಲು ಬಂದವರು ನಗರಸಭೆ ಕಚೇರಿಗೆ ಹೋಗಿ, ಇಂಥ ಮನೆಯಲ್ಲಿ ಇದ್ದೇನೆ ಅಂತ ಹೆಸರು ಬರೆಸಬೇಕು. ಅರ್ಜಿಯಲ್ಲಿ ಅಡ್ಡಹೆಸರಿಗೆ ಎರಡು ಕಾಲಂ. ಸ್ಪೇನಿನವರಿಗೆ ಒಂದು ಅಪ್ಪನದು, ಇನ್ನೊಂದು ಅವ್ವನದು. ಮದುವೆಯಾದರೂ ಹೆಣ್ಣುಮಗಳು ತನ್ನ ಹೆಸರು ಬಿಡೋದಿಲ್ಲ. ನಾನು ಒಂದೇ ಬರೆದಿದ್ದೆ. ಅಲ್ಲಿ ಕೂತ ಹೆಣ್ಣುಮಗಳು ಪಾಸ್‌ಪೋರ್ಟ್ ತಿರುವಿ ನೋಡಿ, ‘ಅವ್ವಂದು ಇಲ್ಲೇನು?’ ಅಂತ ಕೇಳಿ, ಖಾಲಿ ಬಿಟ್ಟು ಮುದ್ರೆ ಒತ್ತಿದರು.

ರಾತ್ರಿ ಅವ್ವಗ ಫೋನ್ ಮಾಡಿದೆ. ಅವಳು ನಕ್ಕಳು.

‘ನಂದು ಯಾರು ಕೇಳ್ಯಾರ ತಮ್ಮಾ? ನಮ್ಮಪ್ಪನ ಮನಿಗಿ ಮ್ಯಾಗಿನಮನಿ ಅಂತಿದ್ರು. ಸಾಲಿಗಿ ಹೋದಾಗ ಮಾಸ್ತರು ಕೇಳಲೇ ಇಲ್ಲ. ನಮ್ಮ ಓಣಿ ಹುಡುಗರೆಲ್ಲರ ಹೆಸರಿನ ಮುಂದ ಹರಿಜನ ಅಂತ ಬರದ್ರು. ನಿಮ್ಮ ಮಾಮಾನ ಮಾರ್ಕ್ಸ್ ಕಾರ್ಡಿನಾಗ ಇನ್ನೂ ಅದೇ ಅದ.’

ಜಾತಿ ಪ್ರಮಾಣಪತ್ರದಲ್ಲಿ ‘ಹರಿಜನ’ ಅಂತ ಬರೆಯಬೇಡಿ ಎಂದು ಕೇಂದ್ರ ಸರ್ಕಾರ 1982ರಲ್ಲೇ ರಾಜ್ಯಗಳಿಗೆ ಹೇಳಿತ್ತು. ಆದರೆ ಅಡ್ಡಹೆಸರಾಗಿ ಅಂಟಿಕೊಂಡದ್ದು ಹಾಗೇ ಉಳಿಯಿತು. ಮ್ಯಾಗಿನಮನಿ ಎಂಬ ಮಾತು ಮಾತ್ರ ನಮ್ಮ ಮನೆಯೊಳಗೂ ಯಾರ ಬಾಯಲ್ಲೂ ಉಳಿದಿರಲಿಲ್ಲ.

ಗ್ರನಾಡಾದ ದಿನಗಳಲ್ಲಿ ಸಣ್ಣ ಸಣ್ಣ ಸುಖಗಳಿದ್ದವು. ಅಲ್ಲಿನ ಚೌಕಗಳಲ್ಲಿ ಕುಡಿಯುವ ನೀರಿನ ಕಾರಂಜಿಗಳಿವೆ. ಬೊಗಸೆ ಒಡ್ಡಿದರೆ ಮುಗಿಯಿತು. ಪಕ್ಕದಲ್ಲಿ ಕುಡಿಯುವವರು ಪಾದ್ರಿಯೋ, ಕಸ ಗುಡಿಸುವವರೋ, ಯಾರೂ ಯಾರನ್ನೂ ನೋಡುವುದಿಲ್ಲ. ಮೊದಲ ದಿನ ನೀರಡಿಕೆ ತೀರಿದ ಮೇಲೂ ಕುಡಿದೆ. ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಲಿಕ್ಕೆ 1927ರಲ್ಲಿ ಬಾಬಾಸಾಹೇಬರು ಸಾವಿರಾರು ಜನರನ್ನು ಕಟ್ಟಿಕೊಂಡು ನಡೆಯಬೇಕಾಗಿತ್ತು.

ಅದನ್ನು ಸ್ವರ್ಗ ಅಂತ ತಿಳಿಯಬೇಡಿ ಗೆಳೆಯರೆ. ಇಂಗ್ಲಿಷಿನ ‘ಕಾಸ್ಟ್’ ಎಂಬ ಪದದ ಬೇರು ಸ್ಪೇನ್, ಪೋರ್ಚುಗಲ್ ಜನರ ‘ಕಾಸ್ತಾ’ದಲ್ಲಿದೆ. 1449ರಲ್ಲಿ ಅಲ್ಲಿನ ತೊಲೆದೋ ಊರಿನಲ್ಲಿ, ಯೆಹೂದಿ ಧರ್ಮ ಬಿಟ್ಟು ಕ್ರೈಸ್ತರಾದವರಿಗೆ ಊರಿನ ಅಧಿಕಾರ ಇಲ್ಲ ಅಂತ ಕಟ್ಟಳೆ ಮಾಡಿದರು. ಧರ್ಮ ಬದಲಾದರೂ ರಕ್ತ ಬದಲಾಗಲಿಲ್ಲವಂತೆ! ಆಮೇಲೆ ಇಂಥ ‘ರಕ್ತಶುದ್ಧಿ’ಯ ಕಟ್ಟಳೆ ಮಠಗಳಿಗೂ ಕಾಲೇಜುಗಳಿಗೂ ಹಬ್ಬಿತು. ಹಂದಿಮಾಂಸ ತಿನ್ನದವರ ಮೇಲೆ ಗುಮಾನಿ. ಸರ್ಕಾರಿ ಹುದ್ದೆಗೆ ರಕ್ತಶುದ್ಧಿಯ ರುಜುವಾತು ಕೇಳುವುದು ಕಾನೂನಿನಿಂದ ನಿಂತದ್ದು 1865ರಲ್ಲಿ. ಗ್ರನಾಡಾದ ಸಾಕ್ರೊಮೊಂತೆ ಗುಡ್ಡದ ಗವಿಮನೆಗಳಲ್ಲಿ ಹಾಡಿ ಕುಣಿಯುವ ಹಿತಾನೋ ಜನರ ಹಿರಿಯರು ಶತಮಾನಗಳ ಹಿಂದೆ ನಮ್ಮ ಈ ದೇಶದ ಕಡೆಯಿಂದಲೇ ಹೊರಟವರು. 1749ರಲ್ಲಿ ಅಲ್ಲಿನ ರಾಜನ ಸರ್ಕಾರ ಅವರಲ್ಲಿ ಸಾವಿರಾರು ಮಂದಿಯನ್ನು ಹಿಡಿದು ಸೆರೆಗೆ ಹಾಕಿತ್ತು.

ಇಷ್ಟಾದರೂ ಗ್ರನಾಡಾದಲ್ಲಿ ನನ್ನ ಜಾತಿ ಕೇಳಿದವರು ಸ್ಪೇನಿನವರಲ್ಲ. ನಾನಿದ್ದ ಬಾಡಿಗೆ ಮನೆಯಲ್ಲಿ ನಮ್ಮ ದೇಶದ ಹುಡುಗರು ಮೂವರಿದ್ದರು. ಎರಡನೇ ದಿನವೇ ‘ಸರ್‌ನೇಮ್ ಏನು?’ ಅಂದರು. ಹೇಳಿದೆ. ಒಬ್ಬ ಮೊಬೈಲಿನಲ್ಲಿ ಹುಡುಕಿ ನೋಡಿದ. ಮರುದಿನ ನನ್ನ ಬೋಗುಣಿ ಬೇರೆ ಗೂಡಿಗೆ ಹೋಗಿತ್ತು. ದನದ ಮಾಂಸ ಬೇಯಿಸಿದ ದಿನ ಕಿಟಕಿ ತೆರೆದಿಟ್ಟು ಮುಖ ಕಿವುಚಿದರು. ಅವತ್ತಿನ ಸ್ಪೇನಿನಲ್ಲಿ ತಿನ್ನದವನ ಮೇಲೆ ಕಣ್ಣು, ಇವತ್ತಿನ ನಮ್ಮ ಅಡುಗೆಮನೆಯಲ್ಲಿ ತಿಂದವನ ಮೇಲೆ ಕಣ್ಣು. ನಾನು ಜಾಗ ಬಿಡಲಿಲ್ಲ. ಅವ್ವ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಅದೇ ಮೇಜಿನ ಮೇಲೆ ಇಟ್ಟುಕೊಂಡು ಉಂಡೆ.

1913ರಲ್ಲಿ ಬರೋಡಾ ಮಹಾರಾಜರ ನೆರವಿನಿಂದ ನ್ಯೂಯಾರ್ಕಿಗೆ ಹೋಗಿ ಕೊಲಂಬಿಯಾದಲ್ಲಿ ಓದಿದ ಬಾಬಾಸಾಹೇಬರು, 1917ರಲ್ಲಿ ಬರೋಡಾಕ್ಕೆ ನೌಕರಿಗೆ ಬಂದಾಗ ಇರಲು ಜಾಗ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಇದ್ದರು. ಗುರುತು ಹತ್ತಿದ ಮೇಲೆ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಎಂಥ ಪದವಿ ಇದ್ದರೇನು, ತನ್ನ ಹೆಸರಿನಲ್ಲಿ ಒಂದು ರಾತ್ರಿ ಮಲಗುವ ಹಾಗಿರಲಿಲ್ಲ.

ಹೆಸರು ಬದಲಿಸಿದರೆ ಜಾತಿ ಹೋಗುತ್ತದೆ ಅನ್ನುವ ಭ್ರಮೆ ನನಗಿಲ್ಲ. ಮ್ಯಾಗಿನಮನಿ ಅಂದರೆ ‘ಯಾವ ಓಣಿ?’ ಅಂತ ನಾಲ್ಕನೇ ಪ್ರಶ್ನೆ ಬರುತ್ತದೆ. ನಾನು ಕೇಳುವುದು ಇಷ್ಟೇ: ನಮ್ಮ ಹೆಸರು ಬರೆಯುವ ಹಕ್ಕು ಯಾರದು?

ಹಳ್ಳಿ ಶಾಲೆಯ ಮಾಸ್ತರರೆ, ಪರಿಶಿಷ್ಟರ ಮಕ್ಕಳು ಹೊರದೇಶದಲ್ಲಿ ಓದಲು ಕೇಂದ್ರದ ವಿದ್ಯಾರ್ಥಿವೇತನ 1954-55ರಿಂದಲೇ ಇದೆ. ಅದನ್ನು ನಮ್ಮ ಓಣಿಯ ಹುಡುಗ ಹುಡುಗಿಯರಿಗೆ ಹೇಳಿರಿ. ಒಂದನೇ ಇಯತ್ತೆಗೆ ಕೂಸಿನ ಕೈ ಹಿಡಿದು ತಾಯಿ ಬಂದಾಗ, ರಿಜಿಸ್ಟರಿನ ಮೇಲೆ ಪೆನ್ನು ಇಡುವ ಮೊದಲು ‘ನಿಮ್ಮ ಮನಿಗಿ ಏನಂತಾರವ್ವಾ?’ ಅಂತ ಕೇಳಿರಿ. ನೀವು ಬರೆದದ್ದು ಆ ಕೂಸಿನ ಬೆನ್ನು ಹತ್ತಿ ಸಮುದ್ರದಾಚೆಗೂ ಹೋಗುತ್ತದೆ.