ಬುಡ ಮುಟ್ಟುವ ಬಾಚಣಿಗೆ

ಹೊರಗಿನ ಅಂದವನ್ನು ಕಾಪಾಡಿಕೊಳ್ಳುವುದು ಸುಲಭ. ಒಳಗಿನ ಶುದ್ಧಿಯನ್ನು ಕಾಪಾಡಿಕೊಳ್ಳುವುದು ಕಷ್ಟ. ಹಿರಿಯರು ಈ ಮಾತನ್ನು ನಾನಾ ಬಗೆಯಲ್ಲಿ ಹೇಳಿದ್ದಾರೆ. ಕೇಳಿದವರು ತಲೆದೂಗಿದ್ದಾರೆ, ಮರೆತಿದ್ದಾರೆ. ಆದರೆ ಇದೇ ಮಾತನ್ನು ಒಂದು ಮೂಕಪ್ರಾಣಿಯ ಮೈಗೂದಲು ಹೇಳಿದಾಗ ಮರೆಯುವುದು ಅಷ್ಟು ಸುಲಭವಲ್ಲ. ಏಕೆಂದರೆ ಅಲ್ಲಿ ತಪ್ಪು ಮಾಡುವವರು ಒಬ್ಬರು, ನೋವುಣ್ಣುವವರು ಇನ್ನೊಬ್ಬರು. ಕುರಿ ಕಾಯುವ ನೀಳಗೂದಲಿನ ನಾಯಿಯನ್ನು ಶ್ವಾನಪ್ರದರ್ಶನಕ್ಕೆ ಅಣಿಗೊಳಿಸುವ ಕೆಲಸವನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವುದು ವಾಚಕರಿಗೆ ಮೊದಲು ವಿಚಿತ್ರವೆನಿಸಬಹುದು. ತುಸು ತಾಳ್ಮೆಯಿಂದ ನೋಡಿದರೆ ಆ ಕೆಲಸದಲ್ಲಿ ಕರುಣೆ, ಸತ್ಯ, ಪ್ರಮಾದ ಈ ಮೂರೂ ಮುಖಾಮುಖಿಯಾಗಿ ನಿಲ್ಲುವುದು ಕಾಣುತ್ತದೆ.

ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ ಕುರಿ ದನಗಳನ್ನು ಅಟ್ಟಿಕೊಂಡು ಬರಲು ಬೆಳೆಸಿದ ತಳಿಗಳಲ್ಲಿ ಬಿಯರ್ಡೆಡ್ ಕೋಲಿ ಎಂಬುದೊಂದು. ಗಲ್ಲದ ಕೆಳಗೆ ಗಡ್ಡದಂತೆ ಇಳಿಬಿದ್ದ ಕೂದಲಿನಿಂದ ಅದಕ್ಕೆ ಆ ಹೆಸರು. ಗಂಡುನಾಯಿಯ ಎತ್ತರ 53ರಿಂದ 56 ಸೆಂಟಿಮೀಟರ್. ಹೆಣ್ಣಿನದು 51ರಿಂದ 53. ಅದರ ಮೈಮೇಲೆ ಎರಡು ಪದರದ ಕೂದಲಿದೆ. ಒಳಪದರ ಮೃದುವಾಗಿ, ದಟ್ಟವಾಗಿ ಚರ್ಮಕ್ಕೆ ಅಂಟಿಕೊಂಡು ಬೆಚ್ಚಗಿಡುತ್ತದೆ. ಹೊರಪದರ ಒರಟಾಗಿ, ಉದ್ದವಾಗಿ ಬೆಳೆದು ಮಳೆ ಮಂಜುಗಳನ್ನು ತಡೆಯುತ್ತದೆ. ಗುಡ್ಡದ ಮೇಲೆ ದುಡಿಯುವ ಪ್ರಾಣಿಗೆ ಪ್ರಕೃತಿ ಹೊದಿಸಿದ ಕಂಬಳಿಯಿದು.

ಪ್ರದರ್ಶನದ ಅಂಗಳದಲ್ಲಿ ಈ ತಳಿ ಇಂದು ಕಾಣುತ್ತಿರುವುದು ಒಂದು ಆಕಸ್ಮಿಕದ ಫಲ. ಎರಡನೆಯ ಮಹಾಯುದ್ಧದ ಹೊತ್ತಿಗೆ ಅದು ಪ್ರದರ್ಶನಗಳಿಂದ ಮರೆಯಾಗಿತ್ತು. 1944ರಲ್ಲಿ ಶ್ರೀಮತಿ ವಿಲಿಸನ್ ಎಂಬ ಮಹಿಳೆ ಶೆಟ್‌ಲೆಂಡ್ ತಳಿಯ ಮರಿಯೊಂದು ಬೇಕೆಂದು ಹೇಳಿಕಳುಹಿಸಿದರು. ಬಂದದ್ದು ಮಾತ್ರ ಬಿಯರ್ಡೆಡ್ ಕೋಲಿ ಮರಿ. ಅವರು ಅದನ್ನು ಹಿಂದಿರುಗಿಸಲಿಲ್ಲ. ಜೀನಿ ಎಂದು ಹೆಸರಿಟ್ಟು ಸಾಕಿದರು. ಮುಂದೆ ಸಮುದ್ರತೀರದಲ್ಲಿ ಕಂಡ ಬೆಯ್ಲಿ ಎಂಬ ಗಂಡುನಾಯಿಯನ್ನು ಅದಕ್ಕೆ ಜೊತೆಗೂಡಿಸಿದರು. ಹೀಗೆ ಮತ್ತೆ ಬೇರೂರಿದ ತಳಿಯ ನಾಯಿಯೊಂದು 1989ರಲ್ಲಿ ಕ್ರಫ್ಟ್ಸ್ ಪ್ರದರ್ಶನದ ಅತ್ಯುನ್ನತ ಪ್ರಶಸ್ತಿಯನ್ನು ಪಡೆಯಿತು. 1891ರಲ್ಲಿ ಲಂಡನ್ನಿನಲ್ಲಿ ಆರಂಭವಾಗಿ 1991ರಿಂದ ಬರ್ಮಿಂಗ್‌ಹ್ಯಾಮಿನಲ್ಲಿ ನಡೆಯುತ್ತ ಬಂದಿರುವ ಆ ಪ್ರದರ್ಶನದಲ್ಲಿ ಗೆಲ್ಲುವುದೆಂದರೆ ಶ್ವಾನಪ್ರಿಯರ ಪಾಲಿಗೆ ಸಾಮಾನ್ಯ ಸಂಗತಿಯಲ್ಲ.

ಈ ತಳಿಗೆ ಸಂಬಂಧಿಸಿದ ನಿಯಮವೊಂದು ವಿಚಾರಯೋಗ್ಯವಾಗಿದೆ. ಇದರ ಕೂದಲನ್ನು ಯಾವ ಬಗೆಯಲ್ಲೂ ಕತ್ತರಿಸಿ ರೂಪಿಸಕೂಡದು. ದೇಹದ ಸಹಜವಾದ ರೇಖೆಗಳು ಕೂದಲಿನಲ್ಲಿ ಹೂತುಹೋಗಬಾರದು. ಹೊಟ್ಟೆಯ ಕೆಳಗೆ ಬೆಳಕು ಕಾಣಬೇಕು. ಬಣ್ಣವನ್ನಾಗಲಿ ಒರಟುತನವನ್ನಾಗಲಿ ಬದಲಿಸುವ ಪುಡಿ, ಅಂಟು, ಸಿಂಪಡಿಕೆಗಳು ಕೂದಲಿನಲ್ಲಿ ಇರುವುದನ್ನು ಬ್ರಿಟನ್ನಿನ ಪ್ರದರ್ಶನ ನಿಯಮಗಳು ಒಪ್ಪುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ, ಆದರೆ ಚೊಕ್ಕಟವಾಗಿ ತೋರಿಸು ಎಂಬುದೇ ಇವೆಲ್ಲದರ ತಾತ್ಪರ್ಯ. ಒಳ್ಳೆಯ ವ್ಯಾಪಾರಿ ತನ್ನ ಸರಕನ್ನು ಧೂಳು ಒರೆಸಿ ಇಡುತ್ತಾನೆ; ಬಣ್ಣ ಹಚ್ಚಿ ಇಡುವುದಿಲ್ಲ.

ಚೊಕ್ಕಟವಾಗಿಡುವುದೆಂದರೆ ಅದೇನೂ ಅಲ್ಪ ಕೆಲಸವಲ್ಲ. ನಾಯಿಯನ್ನು ಮೇಜಿನ ಮೇಲೆ ಮಗ್ಗುಲಾಗಿ ಮಲಗಿಸಬೇಕು. ಒಣಗೂದಲು ಮುರಿಯುವುದರಿಂದ ತುಸು ನೀರು ಚಿಮುಕಿಸಬೇಕು. ಕೂದಲನ್ನು ಒಂದು ಕೈಯಿಂದ ಮೇಲಕ್ಕೆ ಹಿಡಿದು, ಒಂದೊಂದು ಗೆರೆಯಷ್ಟನ್ನೇ ಕೆಳಗಿಳಿಸುತ್ತ, ಪ್ರತಿ ಗೆರೆಯಲ್ಲೂ ಚರ್ಮ ಕಾಣುವಂತೆ ಬುಡದಿಂದ ತುದಿಯವರೆಗೆ ಬಾಚಬೇಕು. ಗಂಟು ಸಿಕ್ಕರೆ ಎಳೆಯದೆ ಬೆರಳುಗಳಿಂದ ಬಿಡಿಸಬೇಕು. ಸ್ನಾನಕ್ಕೆ ಮೊದಲೇ ಗಂಟುಗಳನ್ನೆಲ್ಲ ಬಿಡಿಸಿರಬೇಕು. ನೀರು ಬಿದ್ದರೆ ಗಂಟು ಇನ್ನಷ್ಟು ಬಿಗಿಯುತ್ತದೆ. ಸಾಬೂನಿನ ಅಂಶ ಉಳಿಯದಂತೆ ತೊಳೆಯಬೇಕು. ಉಳಿದರೆ ತುರಿಕೆ ತಪ್ಪದು. ಎಲ್ಲಕ್ಕಿಂತ ಮಿಗಿಲಾಗಿ ಕಿವಿಯ ಹಿಂಭಾಗ, ಮುಂಗಾಲಿನ ಕಂಕುಳು, ತೊಡೆಯ ಸಂದು, ಕೊರಳಪಟ್ಟಿಯ ಅಡಿ, ಬೆರಳ ಸಂದು ಇವನ್ನು ನೋಡಬೇಕು. ಕೂದಲಿಗೆ ಕೂದಲು ತಿಕ್ಕಿ ಗಂಟು ಹುಟ್ಟುವುದು ಅಲ್ಲಿ. ಕಣ್ಣಿಗೆ ಬೀಳದೆ ಬೆಳೆಯುವುದೂ ಅಲ್ಲಿಯೇ.

ಇಂಥ ನಾಯಿಯೊಂದನ್ನು ಸಾಕಿದ ಸ್ಕಾಟ್ಲೆಂಡಿನ ಮಹಿಳೆಯೊಬ್ಬಳ ಸಂಗತಿ ಇಲ್ಲಿ ಪ್ರಸ್ತುತ. ಆಕೆ ಸಣ್ಣ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವಳು. ನಾಯಿಗೆ ಹದಿನಾಲ್ಕು ತಿಂಗಳು. ಮರಿಗೂದಲು ಉದುರಿ ಬಲಿತ ಕೂದಲು ಬರುವ ಕಾಲವದು. ಗಂಟುಗಳ ಉಪಟಳ ಹೆಚ್ಚಿರುವುದು ಆಗಲೇ. ಶನಿವಾರ ಪ್ರದರ್ಶನವಿತ್ತು. ಅದಕ್ಕೆ ಹಿಂದಿನ ಎರಡು ವಾರ ಅಂಗಡಿಯಲ್ಲಿ ವರ್ಷಾಂತ್ಯದ ಲೆಕ್ಕ. ರಾತ್ರಿ ದಣಿದು ಬಂದವಳು ನಾಯಿಯನ್ನು ನಿಲ್ಲಿಸಿಯೇ ಬೆನ್ನು, ಮಗ್ಗುಲು, ಬಾಲಗಳ ಮೇಲೆ ಬಾಚಣಿಗೆಯಾಡಿಸಿ ಮಲಗುತ್ತಿದ್ದಳು. ಕೂದಲು ಹೊಳೆಯುತ್ತಿತ್ತು. ನೋಡಿದವರು ಮೆಚ್ಚುತ್ತಿದ್ದರು. ತನ್ನ ಕರ್ತವ್ಯ ಸಾಂಗವಾಗಿ ನಡೆಯುತ್ತಿದೆಯೆಂದು ಆಕೆಯೂ ನಂಬಿದ್ದಳು.

ಗುರುವಾರ ರಾತ್ರಿ ಸ್ನಾನಕ್ಕೆ ಮೊದಲು ನಾಯಿಯನ್ನು ಮಲಗಿಸಿ ಮುಂಗಾಲನ್ನೆತ್ತಿದಾಗ ಅದು ಕಾಲನ್ನು ಹಿಂದಕ್ಕೆಳೆದುಕೊಂಡಿತು. ಕೂದಲನ್ನು ಸರಿಸಿ ನೋಡಿದರೆ ಕಂಕುಳಿನಿಂದ ಮೊಣಕೈಯ ಹಿಂಭಾಗದವರೆಗೆ ಅಂಗೈಯಗಲದ ಗಂಟು, ತುಳಿದು ಮಾಡಿದ ಕಂಬಳಿಯಂತೆ ಗಟ್ಟಿಯಾಗಿ ಚರ್ಮಕ್ಕೆ ಹತ್ತಿಕೊಂಡಿತ್ತು. ಪ್ರತಿ ಹೆಜ್ಜೆಗೂ ಅದು ಚರ್ಮವನ್ನು ಜಗ್ಗಿರಬೇಕು. ಅಡಿಯಲ್ಲಿ ಮೈ ಕೆಂಪೇರಿತ್ತು. ಎಷ್ಟು ದಿನಗಳಿಂದ ನಾಯಿ ಹೀಗೆ ನಡೆದಿತ್ತೋ! ಕುಣಿಯುವುದನ್ನು ಅದು ಬಿಟ್ಟಿರಲಿಲ್ಲ. ಆದುದರಿಂದ ಯಾರಿಗೂ ತಿಳಿಯಲಿಲ್ಲ.

ಆಕೆಯ ಮುಂದೆ ಮೂರು ದಾರಿಗಳಿದ್ದವು. ಹೊರಗೂದಲನ್ನು ಅದರ ಮೇಲೆ ಇಳಿಯಬಿಟ್ಟು ಶನಿವಾರ ಕಳೆಯುವವರೆಗೆ ಸುಮ್ಮನಿರುವುದು ಮೊದಲನೆಯದು. ಎರಡು ದಿನ ತಾನೆ ಎಂದು ಮನಸ್ಸು ಹೇಳಿತು. ರಾತ್ರಿಯೆಲ್ಲ ಕುಳಿತು ಕೂದಲು ನಷ್ಟವಾಗದಂತೆ ಎಳೆ ಎಳೆಯಾಗಿ ಬಿಡಿಸುವುದು ಎರಡನೆಯದು. ಕತ್ತರಿಸಿ ತೆಗೆಯುವುದು ಮೂರನೆಯದು. ಕತ್ತರಿಸಿದರೆ ಮಗ್ಗುಲಲ್ಲಿ ಎದ್ದು ಕಾಣುವ ಬಿಡುವು. ಕತ್ತರಿ ಮುಟ್ಟಬಾರದೆಂಬ ನಿಯಮಕ್ಕೆ ಭಂಗ. ಕೂದಲು ಮತ್ತೆ ಅಷ್ಟುದ್ದ ಬೆಳೆಯಲು ತಿಂಗಳುಗಟ್ಟಲೆ ಕಾಲ.

ಎರಡನೆಯ ದಾರಿಯನ್ನೇ ಹಿಡಿದಳು. ಅರ್ಧ ಗಂಟೆ ಕಳೆದಿರಬಹುದು. ನಾಯಿ ಕೂಗಲಿಲ್ಲ, ಕಚ್ಚಲಿಲ್ಲ. ಗಂಟನ್ನು ಬಿಡಿಸುತ್ತಿದ್ದ ಅವಳ ಕೈಯನ್ನು ನೆಕ್ಕತೊಡಗಿತು. ನೋವಾದಾಗ ನಾಯಿಗಳು ಹಾಗೆ ಮಾಡುವುದುಂಟು. ಬಿಡು ಎಂದು ಬೇಡಿಕೊಳ್ಳುವ ಬಗೆಯದು. ಆಕೆ ಕೈ ನಿಲ್ಲಿಸಿದಳು. ಈ ಅರ್ಧ ಗಂಟೆ ಯಾರಿಗಾಗಿ ಎಂಬ ಪ್ರಶ್ನೆ ಆಗ ಎದ್ದಿತು. ಗಂಟು ಹೋಗಬೇಕಾದದ್ದು ನಾಯಿಗಾಗಿ ನಿಜ. ಆದರೆ ಕೂದಲು ಉಳಿಯಬೇಕಾದದ್ದು ನಾಯಿಗಾಗಿ ಅಲ್ಲ. ಚರ್ಮ ಕುಯ್ಯದಂತೆ ಗಂಟಿಗೂ ಮೈಗೂ ನಡುವೆ ಬಾಚಣಿಗೆಯನ್ನು ತೂರಿಸಿ, ಅದರ ಮೇಲಿನಿಂದ ಕತ್ತರಿಯಾಡಿಸಿದಳು. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ನಾಯಿ ಎದ್ದು ಮೈ ಕೊಡವಿಕೊಂಡಿತು.

ಶನಿವಾರ ಆಕೆ ಪ್ರದರ್ಶನಕ್ಕೆ ಹೋದಳು. ತೀರ್ಪುಗಾರರು ಕಣ್ಣಿನಿಂದ ಮಾತ್ರ ನೋಡುವವರಲ್ಲ. ಕೂದಲಿನ ಒಳಗೆ ಕೈಯಿಳಿಸಿ ಭುಜ, ಪಕ್ಕೆಲುಬು, ಮೂಳೆಗಳನ್ನು ಮುಟ್ಟಿ ನೋಡುತ್ತಾರೆ. ಕೂದಲು ಮರೆಮಾಡಿದ್ದನ್ನು ಬೆರಳು ಹೇಳುತ್ತದೆ. ಆ ಬೆರಳುಗಳು ಮೊಣಕೈಯ ಹಿಂದಿನ ಬಿಡುವಿನಲ್ಲಿ ಒಂದು ಕ್ಷಣ ನಿಂತು ಮುಂದೆ ಸಾಗಿದವು. ನಾಯಿಗೆ ಯಾವ ಸ್ಥಾನವೂ ಬರಲಿಲ್ಲ. ಹೊರಬರುವಾಗ ಪಕ್ಕದವರೊಬ್ಬರು, ಮೇಲಿನ ಕೂದಲನ್ನು ಜಾಣತನದಿಂದ ಇಳಿಸಿ ತುಸು ಅಂಟು ಸಿಂಪಡಿಸಿದ್ದರೆ ಆ ಜಾಗ ಯಾರಿಗೂ ಕಾಣುತ್ತಿರಲಿಲ್ಲ ಎಂದರು. ಆಕೆ ಹೇಳಿದ್ದು ಒಂದೇ ಮಾತು: "ಗಂಟಿದ್ದಾಗಲೂ ಯಾರಿಗೂ ಕಾಣುತ್ತಿರಲಿಲ್ಲ."

ಇಲ್ಲಿ ನಿಯಮವನ್ನು ದೂಷಿಸುವಂತಿಲ್ಲ. ಕತ್ತರಿ ಮುಟ್ಟಬಾರದೆಂಬ ಕಟ್ಟಳೆ ನಿಷ್ಠೆಯಿಂದ ಪಾಲಿಸುವವನಿಗೆ ದಿನದಿನದ ಎಚ್ಚರವನ್ನು ಕಲಿಸುತ್ತದೆ; ಎಚ್ಚರವಿದ್ದಲ್ಲಿ ಕತ್ತರಿಯ ಅಗತ್ಯವೇ ಬಾರದು. ಆದರೆ ಎಚ್ಚರ ತಪ್ಪಿದ ಮೇಲೆ ಅದೇ ಕಟ್ಟಳೆಯನ್ನು ಹಿಡಿದು ಪ್ರಾಣಿಯನ್ನು ನೋಯಿಸಿದರೆ, ನಿಯಮದ ಅಕ್ಷರ ಉಳಿದು ಅದರ ಜೀವ ಹೋಗುತ್ತದೆ. ಇಂಗ್ಲೆಂಡಿನ ಮತ್ತೊಂದು ನೀಳಗೂದಲಿನ ತಳಿಯಾದ ಓಲ್ಡ್ ಇಂಗ್ಲಿಷ್ ಷೀಪ್‌ಡಾಗನ್ನು ಹಿಂದಿನ ಕುರುಬರು ಕುರಿಗಳ ಉಣ್ಣೆ ತೆಗೆಯುವಾಗ ಜೊತೆಯಲ್ಲೇ ಬೋಳಿಸುತ್ತಿದ್ದರಂತೆ. ಅವರಿಗೆ ಕೂದಲು ನಾಯಿಯ ಉಡುಪು; ಒಡೆಯನ ಕೀರ್ತಿಯಲ್ಲ.

ಅದೇ ತಳಿಯ ಮರಿಗಳ ಬಾಲವನ್ನು ಕತ್ತರಿಸುವ ರೂಢಿಯೂ ಬಹುಕಾಲ ನಡೆದುಬಂತು. ತಳಿಯ ಲಕ್ಷಣವೆಂಬ ಹೆಸರಿನಲ್ಲಿ ನಡೆದ ಈ ಅಂಗಚ್ಛೇದವನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2006ರ ಪ್ರಾಣಿಕಲ್ಯಾಣ ಕಾಯಿದೆ ತಡೆಯಿತು. ಚಿಕಿತ್ಸೆಯ ಸಂದರ್ಭ ಮತ್ತು ಕೆಲವು ದುಡಿಮೆಯ ನಾಯಿಗಳನ್ನು ಬಿಟ್ಟರೆ, 2007ರಿಂದ ಅಲ್ಲಿ ಬಾಲ ಕತ್ತರಿಸುವುದು ಅಪರಾಧ. ಕತ್ತರಿ ಅಲ್ಲಿಯೂ ಇತ್ತು, ಇಲ್ಲಿಯೂ ಇತ್ತು. ಒಂದು ನೋಡುವವರ ಕಣ್ಣಿಗಾಗಿ ಪ್ರಾಣಿಯಿಂದ ಕಿತ್ತುಕೊಂಡಿತು. ಇನ್ನೊಂದು ಪ್ರಾಣಿಗಾಗಿ ಒಡತಿಯ ಆಸೆಯನ್ನು ಕತ್ತರಿಸಿತು. ಸಾಧನವೊಂದೇ ಆದರೂ ಕೈಹಿಡಿದ ಭಾವದಿಂದ ಕರ್ಮ ಬೇರೆಯಾಗುತ್ತದೆ.

ಹಾಗೆಂದು ಆ ಮಹಿಳೆಯನ್ನು ಕೊಂಡಾಡಬೇಕಾಗಿಲ್ಲ. ಗುರುವಾರದ ಕರುಣೆ ಎರಡು ವಾರಗಳ ಪ್ರಮಾದಕ್ಕೆ ಬಂದ ಸಾಲದ ತೀರುವಳಿಯಷ್ಟೆ. ಆ ಸಾಲದ ಬಡ್ಡಿಯನ್ನು ಆಗಲೇ ನಾಯಿ ತೆತ್ತಾಗಿತ್ತು. ಆಕೆಯೂ ಇದನ್ನು ಅರಿತಿದ್ದಳೆಂದು ಮುಂದಿನ ನಡತೆಯಿಂದ ತಿಳಿಯುತ್ತದೆ. ಅಂದಿನಿಂದ ಆಕೆ ಬಾಚುವ ಕ್ರಮವನ್ನೇ ತಿರುಗಿಸಿದಳು. ಮೊದಲು ಕಂಕುಳು, ಅನಂತರ ಕಿವಿಯ ಹಿಂಭಾಗ, ಆಮೇಲೆ ತೊಡೆಯ ಸಂದು. ಎಲ್ಲರೂ ನೋಡುವ ಬೆನ್ನಿನ ಸರದಿ ಕೊನೆಯಲ್ಲಿ. ದಣಿದ ದಿನ ಅದು ಹಾಗೆಯೇ ಉಳಿದರೂ ಆಕೆಗೆ ಚಿಂತೆಯಿಲ್ಲ.