ನಾವು ಜೋಡಿಸಿದ ಗಣಕಯಂತ್ರ

ಗಣಕಯಂತ್ರವನ್ನು ಮನೆಯಲ್ಲಿಯೇ ಜೋಡಿಸಿಕೊಂಡೆವು ಎಂದರೆ ಕೇಳಿದವರು ಎರಡು ಬಗೆಯಾಗಿ ನೋಡುತ್ತಾರೆ. ಕೆಲವರು ನಮ್ಮನ್ನು ದೊಡ್ಡ ತಂತ್ರಜ್ಞರೆಂದು ಭಾವಿಸುತ್ತಾರೆ. ಉಳಿದವರು ನಾಲ್ಕು ಕಾಸು ಉಳಿಸುವ ಆಸೆಗೆ ಇಲ್ಲದ ಉಸಾಬರಿಗೆ ಬಿದ್ದವರೆಂದು ಕನಿಕರಪಡುತ್ತಾರೆ. ಎರಡೂ ನಿಜವಲ್ಲ. ಜೋಡಿಸುವ ಕೆಲಸ ಒಂದು ಮಧ್ಯಾಹ್ನದ್ದು. ಸ್ಕ್ರೂಡ್ರೈವರ್ ಹಿಡಿಯಬಲ್ಲ ಕೈಯಿದ್ದರೆ ಸಾಕು. ಬುದ್ಧಿಗೆ ಕೆಲಸವಿರುವುದು ಅದಕ್ಕೂ ಮೊದಲು, ಯಾವ ಭಾಗವನ್ನು ಯಾತಕ್ಕಾಗಿ ಕೊಳ್ಳಬೇಕು, ಅದು ಯಾವುದರೊಡನೆ ಹೊಂದೀತು ಎಂದು ಆರಿಸುವಲ್ಲಿ. ಆ ಆಯ್ಕೆಗೆ ನಮಗೆ ಪೂರ್ತಿ ಎರಡು ತಿಂಗಳು ಹಿಡಿಯಿತು. ಇನ್ನು ಉಳಿತಾಯದ ಮಾತು: ಅಂಗಡಿಯ ಸಿದ್ಧಯಂತ್ರದ ಬೆಲೆಗೂ ನಮ್ಮದಕ್ಕೂ ಹೇಳಿಕೊಳ್ಳುವಂಥ ಅಂತರವೇನೂ ಬೀಳಲಿಲ್ಲ.

ಹಾಗಿದ್ದರೆ ಈ ಶ್ರಮವೇಕೆ ಎಂದು ವಾಚಕರು ಕೇಳಬಹುದು. ಕಾರಣವಿದೆ. 2019ರಲ್ಲಿ ಕೊಂಡ ಸಿದ್ಧಯಂತ್ರವೊಂದು ನಮ್ಮ ಮನೆಯಲ್ಲಿತ್ತು. ಹೆಸರಾಂತ ಕಂಪನಿಯದು, ಆ ಹೆಸರು ಇಲ್ಲಿ ಅನಗತ್ಯ. 2025ರ ಫೆಬ್ರುವರಿಯಲ್ಲಿ, ನನ್ನ ಮಗಳ ಡಿಪ್ಲೊಮಾದ ಕೊನೆಯ ಪ್ರಾಜೆಕ್ಟು ಅರ್ಧಕ್ಕೆ ಬಂದಿದ್ದಾಗ, ಒಂದು ಸಂಜೆ ಅದು ಉಸಿರು ನಿಲ್ಲಿಸಿತು. ನಮ್ಮ ಊರಿನ ರಿಪೇರಿಯವನು ಬಂದು ಬಿಚ್ಚಿ ನೋಡಿ, "ಸರ, ಕೆಟ್ಟದ್ದು ಎಸ್‌ಎಂಪಿಎಸ್ ಒಂದ. ಆದರ ಈ ಅಳತೀದು ಪ್ಯಾಟ್ಯಾಗ ಸಿಗೂದಿಲ್ಲರಿ" ಎಂದ. ಎಸ್‌ಎಂಪಿಎಸ್ ಎಂಬುದು ಮನೆಯ 230 ವೋಲ್ಟಿನ ವಿದ್ಯುತ್ತನ್ನು ಯಂತ್ರಕ್ಕೆ ಬೇಕಾದ 12, 5, 3.3 ವೋಲ್ಟುಗಳಿಗೆ ಇಳಿಸಿಕೊಡುವ ತಗಡಿನ ಪೆಟ್ಟಿಗೆ. ಇಡೀ ಯಂತ್ರದಲ್ಲಿ ಅತ್ಯಂತ ಸಾಮಾನ್ಯವಾದ ಭಾಗವೇ ಅದು. ಆದರೆ ಆ ಕಂಪನಿಯು ಅದನ್ನು ತನ್ನದೇ ಆಕಾರದಲ್ಲಿ, ತನ್ನದೇ ಬಗೆಯ ತಂತಿಯ ತುದಿಗಳೊಡನೆ ಮಾಡಿಸಿತ್ತು. ವಿಚಾರಿಸಿದರೆ ಆ ಮಾದರಿಯ ಬಿಡಿಭಾಗಗಳ ಪೂರೈಕೆ ನಿಂತಿದೆ ಎಂಬ ಉತ್ತರ ಬಂದಿತು. ಪ್ರೊಸೆಸರ್ ಜೀವಂತವಾಗಿದೆ, ಸ್ಮೃತಿ ಜೀವಂತವಾಗಿದೆ, ಮದರ್‌ಬೋರ್ಡು ಜೀವಂತವಾಗಿದೆ, ಯಂತ್ರ ಮಾತ್ರ ಸತ್ತಿದೆ! ಮಗಳು ಒಂದೂವರೆ ತಿಂಗಳು ಕಾಲೇಜಿನ ಪ್ರಯೋಗಾಲಯದಲ್ಲಿ ಕುಳಿತು, ಕೊನೆಯ ಬಸ್ಸಿಗೆ ಊರಿಗೆ ಬಂದು ಪ್ರಾಜೆಕ್ಟನ್ನು ಮುಗಿಸಿದಳು. ಅವಳು ಬರುವವರೆಗೆ ಬಾಗಿಲಲ್ಲಿ ನಿಂತಿರುತ್ತಿದ್ದ ಅವಳ ತಾಯಿಯೇ ಮೊದಲು ಹೇಳಿದ್ದು: "ಇನ್ನೊಂದು ತರೂದಾದರ, ಕೆಟ್ಟರ ಇಲ್ಲೇ ರಿಪೇರಿ ಆಗುವಂಥಾದ್ದನ್ನ ತರ್ರಿ."

ಚಕ್ಕಡಿಯ ಕಾಲದಲ್ಲಿ ಬೆಳೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಲಿಯ ಹಳಿ ಸಡಿಲಾದರೆ ಕಮ್ಮಾರನಲ್ಲಿಗೆ, ನೊಗ ಮುರಿದರೆ ಬಡಿಗೇರನಲ್ಲಿಗೆ ಹೋಗುತ್ತಿದ್ದೆವು. ನೊಗ ಮುರಿಯಿತೆಂದು ಚಕ್ಕಡಿಯನ್ನೇ ಒಲೆಗೆ ಹಾಕಿದವರನ್ನು ನಾನು ಕಂಡಿಲ್ಲ. ನಮ್ಮ ಮನೆಯ ಚಕ್ಕಡಿಯಲ್ಲಿ ಅಜ್ಜನ ಕಾಲದ ಮರ ಎಷ್ಟು ಉಳಿದಿತ್ತೋ ಶಿವನೇ ಬಲ್ಲ, ಆದರೂ ಅದು ಅಜ್ಜನ ಚಕ್ಕಡಿಯೇ ಆಗಿತ್ತು.

ಗಣಕಯಂತ್ರವೂ ಒಂದು ಕಾಲದಲ್ಲಿ ಈ ದಾರಿಯನ್ನೇ ಹಿಡಿದಿತ್ತು ಎಂಬುದು ಸ್ವಾರಸ್ಯಕರ ಸಂಗತಿ. ಅಮೆರಿಕೆಯ ಐಬಿಎಂ ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು 1981ರ ಆಗಸ್ಟ್ 12ರಂದು ಪ್ರಕಟಿಸಿತು. ಬೇಗನೆ ಮಾರುಕಟ್ಟೆಗೆ ಬರಬೇಕೆಂಬ ಅವಸರದಲ್ಲಿ ಅದು ಮುಖ್ಯ ಭಾಗಗಳನ್ನು ಹೊರಗಿನವರಿಂದಲೇ ಕೊಂಡಿತ್ತು: ಪ್ರೊಸೆಸರ್ ಇಂಟೆಲ್ ಸಂಸ್ಥೆಯ 8088, ಕಾರ್ಯವ್ಯವಸ್ಥೆ ಮೈಕ್ರೋಸಾಫ್ಟಿನದು. ಯಂತ್ರದ ವಿದ್ಯುನ್ಮಂಡಲಗಳ ನಕ್ಷೆಗಳನ್ನೂ ಕೈಪಿಡಿಯಲ್ಲಿ ಅಚ್ಚು ಹಾಕಿಸಿತು. ಅದರಿಂದಾಗಿ ಬೇರೆಯವರು ಅದಕ್ಕೆ ಹೊಂದುವ ಭಾಗಗಳನ್ನು ಮಾಡತೊಡಗಿದರು. 1983ರ ವೇಳೆಗೆ ಕಾಂಪ್ಯಾಕ್ ಎಂಬ ಸಂಸ್ಥೆ ಹೊಂದುವ ಯಂತ್ರವನ್ನೇ ಮಾಡಿ ಮಾರಿತು. ಮುಂದೆ 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಮಾಡಿತು. ಮದರ್‌ಬೋರ್ಡಿನ ಉದ್ದಗಲವೆಷ್ಟು, ಸ್ಕ್ರೂವಿನ ತೂತುಗಳು ಎಲ್ಲಿರಬೇಕು, ಎಸ್‌ಎಂಪಿಎಸ್‌ನ ತಂತಿಗಳು ಯಾವ ಕ್ರಮದಲ್ಲಿ ಬರಬೇಕು ಎಂಬುದೆಲ್ಲ ಅದರಲ್ಲಿದೆ. ಮೂವತ್ತು ವರ್ಷಗಳ ತರುವಾಯವೂ ಆ ಅಳತೆ ಬಾಳುತ್ತಿದೆ. ಒಬ್ಬರ ಪೆಟ್ಟಿಗೆಯಲ್ಲಿ ಮತ್ತೊಬ್ಬರ ಬೋರ್ಡು ಕುಳಿತುಕೊಳ್ಳುವುದು ಅದರ ಪುಣ್ಯದಿಂದ. ಐಬಿಎಂ ಯಂತ್ರ ಬಂದ ವರ್ಷ ನಾನು ಈ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದೆ. ನಾವು ಬಲ್ಲ ಯಂತ್ರಗಳೆಂದರೆ ಹಿಟ್ಟಿನ ಗಿರಣಿ, ನೀರೆತ್ತುವ ಪಂಪು ಮತ್ತು ಶ್ರೀಮಠದ ಕಚೇರಿಯಲ್ಲಿದ್ದ ಬೆರಳಚ್ಚು ಯಂತ್ರ.

ಆದುದರಿಂದ ಆಯ್ಕೆಗೆ ತೊಡಗುವ ಮೊದಲು ನಾವು ಒಂದು ಕಟ್ಟಳೆಯನ್ನು ಹಾಕಿಕೊಂಡೆವು. ಯಾವ ಭಾಗ ಕೆಟ್ಟರೂ ಅದೊಂದನ್ನೇ ಬದಲಿಸಲು ಬರಬೇಕು. ಬದಲಿ ಭಾಗ ಯಾವ ಕಂಪನಿಯದಾದರೂ ಆಗಬೇಕು. ಕೈಯಲ್ಲಿದ್ದುದು 50,000 ರೂಪಾಯಿ. ಹಳೆಯ ಯಂತ್ರದ ಪರದೆ, ಕೀಲಿಮಣೆ, ಮೌಸು, ಹಾರ್ಡ್‌ಡಿಸ್ಕು ಸುಸ್ಥಿತಿಯಲ್ಲಿದ್ದುದರಿಂದ ಅಷ್ಟರ ಖರ್ಚು ಉಳಿಯಿತು.

ಎರಡನೆಯ ಪ್ರಶ್ನೆ, ಈ ಯಂತ್ರ ಮಾಡಬೇಕಾದ ಕಾಯಕ ಯಾವುದು? ಪ್ರಸಾದ ನಿಲಯದ ಪಂಕ್ತಿಯಲ್ಲಿ ನಮಗಿದ್ದ ನಿಯಮ ನನ್ನ ಸಹಪಾಠಿಗಳಿಗೆ ನೆನಪಿರಬಹುದು: ಬೇಕಾದಷ್ಟು ನೀಡಿಸಿಕೊಳ್ಳಬೇಕು, ನೀಡಿಸಿಕೊಂಡದ್ದನ್ನು ಬಿಡಬಾರದು. ಮಗಳಿಗೆ ಪ್ರೋಗ್ರಾಮು ಬರೆಯುವ ಕೆಲಸ, ನನಗೆ ಕನ್ನಡದ ಬರವಣಿಗೆ ಮತ್ತು ಗಣಿತದ ಪಾಠದ ಚಿತ್ರಗಳು. ಆಟಗಳ ಹುಚ್ಚು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಹೀಗಾಗಿ ಗ್ರಾಫಿಕ್ಸ್ ಕಾರ್ಡು ಎಂಬ ದುಬಾರಿ ಭಾಗವನ್ನು ಮೊದಲ ದಿನವೇ ಪಟ್ಟಿಯಿಂದ ಹೊಡೆದುಹಾಕಿದೆವು. ಆದರೆ ಹಾಗೆ ಹೊಡೆದುಹಾಕಿದವರು ಎಚ್ಚರಿಕೆಯಿಂದಿರಬೇಕು. ಪರದೆಯ ಮೇಲೆ ಚಿತ್ರ ಮೂಡಿಸುವ ಶಕ್ತಿ ಎಲ್ಲ ಪ್ರೊಸೆಸರ್‌ಗಳಲ್ಲಿಯೂ ಇರುವುದಿಲ್ಲ. ಇಂಟೆಲ್‌ನ 12400 ಎಂಬುದರಲ್ಲಿ ಅದು ಇದೆ. ಹೆಸರಿನ ಕೊನೆಗೆ 'ಎಫ್' ಎಂಬ ಒಂದೇ ಅಕ್ಷರ ಸೇರಿಕೊಂಡ 12400ಎಫ್‌ನಲ್ಲಿ ಇಲ್ಲ. ಬೆಲೆ ಕಡಿಮೆಯೆಂದು ಅದನ್ನು ತಂದರೆ ಯಂತ್ರ ಓಡುತ್ತದೆ, ಪರದೆ ಕಪ್ಪಗೇ ಇರುತ್ತದೆ.

ನನಗೂ ಮಗಳಿಗೂ ನಿಜವಾದ ವಾದ ನಡೆದದ್ದು ಮದರ್‌ಬೋರ್ಡಿನ ವಿಷಯದಲ್ಲಿ. ಪ್ರೊಸೆಸರ್ ಕುಳಿತುಕೊಳ್ಳುವ ಪೀಠಕ್ಕೆ ಸಾಕೆಟ್ ಎನ್ನುತ್ತಾರೆ. ಒಂದು ಸಾಕೆಟ್ಟಿಗೆ ಮಾಡಿದ ಪ್ರೊಸೆಸರ್ ಇನ್ನೊಂದಕ್ಕೆ ಒಗ್ಗದು. ಎಎಂಡಿ ಸಂಸ್ಥೆಯ ಹಳೆಯ ಸಾಕೆಟ್ಟಾದ ಎಎಂ4ನ್ನು ಕೊಂಡರೆ ಏಳೆಂಟು ಸಾವಿರ ರೂಪಾಯಿ ಉಳಿಯುತ್ತಿತ್ತು. ಅಲ್ಲದೆ ಅದಕ್ಕೆ ಡಿಡಿಆರ್4 ಜಾತಿಯ ರ್‍ಯಾಮ್ ಹೊಂದುತ್ತದೆ, ಸತ್ತ ಯಂತ್ರದಲ್ಲಿದ್ದ 8 ಜಿಬಿಯ ಪಟ್ಟಿಯೂ ಅದೇ ಜಾತಿಯದು. ಇದ್ದುದನ್ನು ಬಳಸೋಣ ಎಂಬುದು ನನ್ನ ಪಕ್ಷ. 2022ರಲ್ಲಿ ಬಂದ ಎಎಂ5 ಬೇಕೆಂಬುದು ಅವಳ ಪಕ್ಷ. ಅವಳು ಕಾಗದ ತೆಗೆದುಕೊಂಡು ಇಸವಿಗಳನ್ನು ಬರೆದು ತೋರಿಸಿದಳು. ಎಎಂ4 ಬಂದದ್ದು 2016ರಲ್ಲಿ. 2024ರಲ್ಲಿಯೂ ಅದಕ್ಕೆ ಹೊಸ ಪ್ರೊಸೆಸರ್‌ಗಳು ಬಂದವು. ಹಳೆಯ ಬೋರ್ಡಿನಲ್ಲಿಯೇ ಹೊಸದನ್ನು ಕೂರಿಸಿದವರು ಎಷ್ಟೋ ಮಂದಿ. ಇಂಟೆಲ್‌ನ ಎಲ್‌ಜಿಎ1700 ಎಂಬ ಸಾಕೆಟ್ 2021ರಲ್ಲಿ ಬಂದು, 2024ರಲ್ಲಿ ಬೇರೊಂದಕ್ಕೆ ಜಾಗ ಬಿಟ್ಟುಕೊಟ್ಟಿತು. "ಅಪ್ಪಾ, ಎಎಂ4 ತನ್ನ ಆಯುಷ್ಯ ಮುಗಿಸಿದ್ದು. ಎಎಂ5 ಈಗ ಶುರು ಆಗಿದ್ದು. ನಾವು ಯಾವ ಕಡೆಯಿಂದ ಏರಬೇಕು?" ಎಂದಳು. ಮೂರು ದಿನ ವಿಚಾರಿಸಿ ನಾನು ಒಪ್ಪಿದೆ. ಇದ್ದುದನ್ನು ಬಳಸುವುದು ಒಳ್ಳೆಯದೇ, ಆದರೆ ಸಾವಿರದ ಚಿಲ್ಲರೆ ಬೆಲೆಯ ಒಂದು ಪಟ್ಟಿಯನ್ನು ಉಳಿಸಲೆಂದು ಯಂತ್ರದ ಬೆನ್ನೆಲುಬನ್ನೇ ಹಳೆಯದು ಮಾಡುವುದು ತರವಲ್ಲ. ಆ ಪಟ್ಟಿ ಈಗ ನನ್ನ ತಮ್ಮನ ಮಗನ ಯಂತ್ರದಲ್ಲಿ ದುಡಿಯುತ್ತಿದೆ.

ಹೀಗೆ ಎಎಂಡಿಯ ರೈಜನ್ 5 8600ಜಿ ಗೊತ್ತಾಯಿತು. ಆರು ಕೋರುಗಳು, 65 ವಾಟ್, ಚಿತ್ರ ಮೂಡಿಸುವ ಶಕ್ತಿ ಒಳಗೇ ಇದೆ, ತಂಪು ಮಾಡುವ ಫ್ಯಾನು ಡಬ್ಬಿಯೊಡನೆಯೇ ಬರುತ್ತದೆ. ಬೋರ್ಡು ಬಿ650 ಜಾತಿಯದು. ಒಂದು ಬದಿಗೆ 24.4 ಸೆಂಟಿಮೀಟರಿನ ಚೌಕ, ಮೈಕ್ರೋ ಎಟಿಎಕ್ಸ್ ಎಂದು ಇದರ ಹೆಸರು. ರ್‍ಯಾಮ್ 16 ಜಿಬಿ. ಅದನ್ನು ಒಂದೇ ಪಟ್ಟಿಯಾಗಿ ಕೊಳ್ಳದೆ 8 ಜಿಬಿಯ ಎರಡು ಪಟ್ಟಿಗಳಾಗಿ ಕೊಂಡೆವು. ಎರಡು ಎತ್ತು ಕಟ್ಟಿದಂತೆ ಎರಡು ದಾರಿಯಿಂದ ಮಾಹಿತಿ ಹರಿಯುತ್ತದೆ. ಪ್ರೊಸೆಸರ್‌ನೊಳಗಿನ ಚಿತ್ರಶಕ್ತಿಗೆ ಬೇರೆ ಸ್ಮೃತಿ ಇಲ್ಲದ್ದರಿಂದ ಇದು ಅದಕ್ಕೆ ಬಹಳ ಉಪಕಾರಿ. ಡಿಡಿಆರ್4, ಡಿಡಿಆರ್5 ಎರಡಕ್ಕೂ ಇರುವುದು 288 ಸಂಪರ್ಕಗಳೇ. ಆದರೆ ನಡುವಿನ ಕಚ್ಚು ಬೇರೆ ಬೇರೆ ಸ್ಥಳದಲ್ಲಿದೆ, ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಅವಸರದ ಕೈಗಳಿಂದ ಯಂತ್ರವನ್ನು ಕಾಪಾಡಲು ಇಂಥ ಕಚ್ಚುಗಳನ್ನು ಯೋಚಿಸಿ ಇಟ್ಟವರ ಜಾಣ್ಮೆಯನ್ನು ಮೆಚ್ಚಲೇಬೇಕು.

ಸಂಗ್ರಹಕ್ಕೆ ಎಂ.2 ಎಂಬ ಆಕಾರದ, 500 ಜಿಬಿಯ ಎಸ್‌ಎಸ್‌ಡಿ ಕೊಂಡೆವು. ಅದರ ಮೇಲೆ 2280 ಎಂದು ಬರೆದಿರುತ್ತದೆ. ಇದೇನೋ ಗೂಢಲಿಪಿ ಎಂದು ಬೆದರಬೇಕಾಗಿಲ್ಲ. ಅಗಲ 22 ಮಿಲಿಮೀಟರ್, ಉದ್ದ 80 ಮಿಲಿಮೀಟರ್, ಅಷ್ಟೆ. ಹಳೆಯ ಹಾರ್ಡ್‌ಡಿಸ್ಕು ಜೊತೆಗಿದ್ದು, ಬರೆದುದರ ಎರಡನೆಯ ಪ್ರತಿಯನ್ನು ಕಾಯುತ್ತದೆ.

ಎಸ್‌ಎಂಪಿಎಸ್‌ನ ವಿಷಯದಲ್ಲಿ ಮಾತ್ರ ನಾನು ಜಿಪುಣತನ ಮಾಡಲಿಲ್ಲ. ಅಂಗಡಿಯವರು ಕ್ಯಾಬಿನೆಟ್ಟಿನೊಡನೆ ಒಂದನ್ನು ಪುಕ್ಕಟೆಯಾಗಿ ಕೊಡುತ್ತಾರೆ. ಅದರ ಮೇಲೆ 450 ವಾಟ್ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಬರೆದ ಮಾತ್ರಕ್ಕೆ ಕೊಡಬೇಕೆಂಬ ನಿಯಮವಿಲ್ಲ. 2004ರಿಂದ '80 ಪ್ಲಸ್' ಎಂಬ ಪರೀಕ್ಷೆಯೊಂದು ಬಳಕೆಯಲ್ಲಿದೆ. ಹೊರೆಯು ಐದನೆಯ ಒಂದು ಪಾಲಿರಲಿ, ಅರ್ಧವಿರಲಿ, ಪೂರ್ಣವಿರಲಿ, ಒಳಗೆ ಹೋದ ವಿದ್ಯುತ್ತಿನಲ್ಲಿ ನೂರಕ್ಕೆ 80 ಪಾಲಾದರೂ ಉಪಯೋಗಕ್ಕೆ ಬರಬೇಕು. ಉಳಿದದ್ದು ಕಾವಾಗಿ ಹೋಗುತ್ತದೆ. ನಮ್ಮ ಯಂತ್ರ ಎಷ್ಟು ದುಡಿದರೂ 200 ವಾಟ್ ದಾಟದು. ಆದರೂ 550 ವಾಟಿನ, 80 ಪ್ಲಸ್ ಮುದ್ರೆಯ, ಶುದ್ಧ ಎಟಿಎಕ್ಸ್ ಅಳತೆಯದನ್ನೇ ಆರಿಸಿದೆ. ಮುಂದೊಂದು ದಿನ ಮಗಳು ಗ್ರಾಫಿಕ್ಸ್ ಕಾರ್ಡು ತಂದರೂ ಇದನ್ನು ಬದಲಿಸಬೇಕಾಗದು. ಇನ್ನೊಂದು ಮಾತು: ನಮ್ಮ ಕಡೆಯ ಕರೆಂಟು ಏರಿಳಿಯುವ ಪರಿ ಎಲ್ಲರಿಗೂ ತಿಳಿದದ್ದೇ. ಮನೆಯ ಹಿತ್ತಿಲಲ್ಲಿ ಅರ್ತಿಂಗಿನ ಗುಂಡಿಗೆ ಇದ್ದಿಲು, ಉಪ್ಪು ಹೊಸದಾಗಿ ತುಂಬಿಸಿದೆ, ಹಳೆಯ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದೆ. ಇವು ಬಿಡಿಭಾಗಗಳ ಯಾವ ಪಟ್ಟಿಯಲ್ಲಿಯೂ ಕಾಣುವುದಿಲ್ಲ. ಆದರೆ ಇವಿಲ್ಲದೆ ಮಿಕ್ಕುದನ್ನೆಲ್ಲ ಆರಿಸಿ ಏನು ಪ್ರಯೋಜನ?

ಕ್ಯಾಬಿನೆಟ್ಟಿನ ಬಗೆಗೆ ಹೆಚ್ಚು ಹೇಳಲಾರೆ. ಗಾಜಿನ ಗೋಡೆ, ಬಣ್ಣಬಣ್ಣದ ದೀಪ ಈಗಿನ ಷೋಕಿ. ನಮ್ಮ ಎರೆಮಣ್ಣಿನ ಧೂಳನ್ನು ತಡೆಯುವ ಜಾಲರಿ ಇದ್ದರೆ ನನಗೆ ಸಾಕಾಗಿತ್ತು.

ಬೇಸಿಗೆಯ ರಜೆಯಲ್ಲಿ ಇಬ್ಬರೂ ರಾತ್ರಿಯ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಎಸ್.ಪಿ. ರಸ್ತೆಯಲ್ಲಿ ಒಂದು ಹಗಲು ತಿರುಗಿದೆವು. ಕಿರಿದಾದ ಆ ರಸ್ತೆಯ ಒಂದೊಂದು ಮಳಿಗೆಯಲ್ಲಿಯೂ ಹತ್ತಾರು ಕಂಪನಿಗಳ ಡಬ್ಬಿಗಳು ಮಾಡಿನವರೆಗೆ ಪೇರಿಸಿರುತ್ತವೆ. "ಇದು ಬೇಡ, ಇದಕ್ಕಿಂತ ಒಳ್ಳೆಯದು ಕೊಡುತ್ತೇನೆ" ಎನ್ನುವ ವ್ಯಾಪಾರಿಗಳ ಮುಂದೆ ಮಗಳು ಪಟ್ಟಿಯಿಂದ ಕಣ್ಣೆತ್ತಲಿಲ್ಲ. ಡಬ್ಬಿಯ ಮೇಲಿನ ಕ್ರಮಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿದ ಮೇಲೆಯೇ ಹಣ ಎಣಿಸಿದಳು. ಆ ವರ್ಷದ ಕೊನೆಗೆ ಜಗತ್ತಿನ ರ್‍ಯಾಮ್ ತಯಾರಕರು ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳ ಕಡೆಗೆ ಮುಖ ತಿರುಗಿಸಿದ್ದರಿಂದ ರ್‍ಯಾಮ್‌ನ ಬೆಲೆ ಗಗನಕ್ಕೇರಿತು. ಮೈಕ್ರಾನ್ ಸಂಸ್ಥೆಯು ಸಾಮಾನ್ಯ ಗ್ರಾಹಕರಿಗಾಗಿ ಕ್ರೂಶಿಯಲ್ ಎಂಬ ಹೆಸರಿನಲ್ಲಿ ನಡೆಸುತ್ತಿದ್ದ ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಸಾರಿತು. ಬೇಸಿಗೆಯಲ್ಲಿಯೇ ಕೊಂಡಿದ್ದು ನಮ್ಮ ಸುದೈವ.

ಜೋಡಣೆಯಲ್ಲಿ ಮೈ ನಡುಗಿದ್ದು ಒಮ್ಮೆ ಮಾತ್ರ. ಎಎಂ5 ಸಾಕೆಟ್ಟಿನಲ್ಲಿ ಕೂದಲೆಳೆಯಂಥ 1,718 ಸಂಪರ್ಕಗಳು ಬೋರ್ಡಿನ ಮೇಲೆಯೇ ನಿಂತಿರುತ್ತವೆ. ಒಂದು ಬಾಗಿದರೂ ಕೆಟ್ಟಿತು. ಮೂಲೆಯ ಸಣ್ಣ ತ್ರಿಕೋನಕ್ಕೆ ತ್ರಿಕೋನ ಹೊಂದಿಸಿ ಮಗಳು ಪ್ರೊಸೆಸರನ್ನು ಒತ್ತದೆ ಇಳಿಸಿದಳು. ಸ್ವಿಚ್ಚು ಹಾಕಿದಾಗ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಇತ್ತು. ಮೊದಲ ಸಲ ಡಿಡಿಆರ್5 ಸ್ಮೃತಿಯನ್ನು ಪಳಗಿಸಿಕೊಳ್ಳಲು ಬೋರ್ಡು ಕೆಲವು ನಿಮಿಷ ತೆಗೆದುಕೊಳ್ಳುತ್ತದೆಂದು ಅವಳು ಮೊದಲೇ ಓದಿಕೊಂಡಿದ್ದಳು, ಕೈಕಟ್ಟಿ ಕುಳಿತಳು. ನನ್ನ ಪಾಡು ಶಿವನಿಗೇ ಪ್ರೀತಿ. ಬಳಿಕ ಅಕ್ಷರಗಳು ಮೂಡಿದವು. ಕಾರ್ಯವ್ಯವಸ್ಥೆಗೆ ಹಣ ಕೊಡದೆ ದೊರೆಯುವ ಉಬುಂಟು ಹಾಕಿದೆವು. ಕನ್ನಡ ಅದರಲ್ಲಿ ತೊಡಕಿಲ್ಲದೆ ಬರುತ್ತದೆ. ಈ ಲೇಖನವನ್ನು ಬರೆದದ್ದು ಅದರಲ್ಲಿಯೇ.

ನಮ್ಮ ಶಾಲೆಯ ಗಣಕಕೊಠಡಿಯಲ್ಲಿಯೂ ಕೆಟ್ಟು ಮೂಲೆ ಸೇರಿದ ಯಂತ್ರಗಳಿದ್ದರೆ ಅವನ್ನು ಹರಾಜಿಗೆ ಹಾಕುವ ಮುನ್ನ ಒಂದು ಭಾನುವಾರ ಮಕ್ಕಳೆದುರಿನಲ್ಲಿ ಬಿಚ್ಚಿ ನೋಡಲು ಪೂಜ್ಯರು ಅಪ್ಪಣೆ ಕೊಡಿಸಬೇಕೆಂದು ಬಿನ್ನಹ. ನಾಲ್ಕು ಸತ್ತ ಯಂತ್ರಗಳಿಂದ ಒಂದಾದರೂ ಜೀವಂತ ಯಂತ್ರ ಹೊರಡುವ ಸಂಭವವಿದೆ. ನಾನೂ ಮಗಳೂ ಬರುತ್ತೇವೆ. ಸ್ಕ್ರೂಡ್ರೈವರನ್ನು ನಾವೇ ತರುತ್ತೇವೆ.